ಅವ್ವನ ಬಾಯಿ ಒಣಗುತ್ತಿದೆ: ಯಾವ ಗಿಡಮೂಲಿಕೆ ನಿಜವಾಗಿ ಕೆಲಸಕ್ಕೆ ಬರುತ್ತದೆ?

ಜೋಳದಹೊಲ (ಮುಧೋಳ ಕಡೆ)

ನಮ್ಮ ಅವ್ವನಿಗೆ 66 ವರ್ಷ. ಆರು ತಿಂಗಳಿಂದ ಬಾಯಿ ಒಣಗುತ್ತಿದೆ. ಇದು ಬಾಯಾರಿಕೆಯಲ್ಲ. ನೀರು ಕುಡಿದು ತಂಬಿಗೆ ಕೆಳಗಿಡುವಷ್ಟರಲ್ಲಿ ನಾಲಿಗೆ ಮತ್ತೆ ಅಂಗುಳಕ್ಕೆ ಅಂಟಿಕೊಂಡಿರುತ್ತದೆ. ನನಗೆ ಇದು ಮೊದಲು ಗೊತ್ತಾದದ್ದು ರೊಟ್ಟಿಯಿಂದ. ಜೀವಮಾನವಿಡೀ ಖಡಕ್ ರೊಟ್ಟಿಯನ್ನು ಶೇಂಗಾ ಚಟ್ನಿಯ ಜೊತೆ ಕಟಕಟ ಕಡಿದು ತಿಂದ ಹೆಂಗಸು ಒಂದು ದಿನ ತುತ್ತನ್ನು ಬಾಯಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದಳು. ನುಂಗಲು ಆಗುತ್ತಿರಲಿಲ್ಲ, ಅನ್ನವನ್ನು ಉಗುಳಲು ಮನಸ್ಸು ಒಪ್ಪುತ್ತಿರಲಿಲ್ಲ. ಈಗ ರೊಟ್ಟಿಯನ್ನು ಮುರಿದು ಕಟ್ಟಿನ ಸಾರಿನಲ್ಲಿ ನೆನೆಹಾಕಿ ತಿನ್ನುತ್ತಾಳೆ. ರಾತ್ರಿ ಎರಡು ಮೂರು ಸಲ ಎದ್ದು ಬಾಯಿ ಒದ್ದೆ ಮಾಡಿಕೊಳ್ಳುತ್ತಾಳೆ.

ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ರಕ್ತದೊತ್ತಡವೂ ಇದೆ. ತೋರಿಸಿದ ಕಡೆ "ವಯಸ್ಸಾಯಿತು, ನೀರು ಹೆಚ್ಚು ಕುಡಿಯಿರಿ" ಎಂದು ಕಳುಹಿಸಿದರು. ಇನ್ನೊಂದು ಗುಳಿಗೆ ತಂದರೆ ಹಿತ್ತಲಿನ ಬಾವಿಗೆ ಎಸೆಯುವುದಾಗಿ ಅವ್ವ ಹೇಳಿದ್ದಾಳೆ. ಬೇರು, ಎಲೆ, ಕಷಾಯ ಏನಾದರೂ ಇದ್ದರೆ ತಿಳಿಸಿ. ಮಾಡಿ ನೋಡಿದವರು ಹೇಳಿದರೆ ಒಳ್ಳೆಯದು, ಕೇಳಿದ್ದನ್ನು ಹೇಳುವವರು ನಮ್ಮ ಊರಲ್ಲೇ ಸಾಕಷ್ಟು ಇದ್ದಾರೆ.

ಪುತ್ತೂರಿನ ಮಳೆ

ನಮ್ಮ ಕಡೆ ಇದಕ್ಕೆ ಯೋಚನೆಯೇ ಇಲ್ಲ, ಪುನರ್ಪುಳಿ (ಕೋಕಂ). ಒಣಗಿಸಿದ ಸಿಪ್ಪೆಯ ಒಂದು ಚೂರನ್ನು ದವಡೆಯಲ್ಲಿ ಇಟ್ಟುಕೊಂಡರೆ ಬಾಯಿಯಲ್ಲಿ ಬುಗ್ಗೆ ಎದ್ದಂತೆ ನೀರು ಬರುತ್ತದೆ. ಇದನ್ನು ಬರೆಯುವಾಗಲೇ ನನಗೆ ಬಂತು. ಬೇಸಿಗೆಯಲ್ಲಿ ಅಡಕೆ ಸುಲಿಯಲು ಬರುವವರಿಗೆ ಅಮ್ಮ ದೊಡ್ಡ ಕೊಡಪಾನದಲ್ಲಿ ಪುನರ್ಪುಳಿ ನೀರನ್ನೇ ಇಡುತ್ತಿದ್ದರು. ಸಕ್ಕರೆ ಕಾಯಿಲೆ ಇರುವುದರಿಂದ ಅಂಗಡಿಯ ಸಿರಪ್ ಬೇಡ, ಅದರಲ್ಲಿ ಹಣ್ಣಿಗಿಂತ ಸಕ್ಕರೆಯೇ ಹೆಚ್ಚು. ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ, ಚಿಟಿಕೆ ಉಪ್ಪು ಹಾಕಿ ಕೊಡಿ.

ತುಳಸಿಕಟ್ಟೆ (ಬೆಂಗಳೂರು)

ಜ್ಯೇಷ್ಠಮಧು! ಅತಿಮಧುರ, ಯಷ್ಟಿಮಧು ಎಂದರೂ ಅದೇ. ಗ್ರಂಧಿಗೆ ಅಂಗಡಿಯಲ್ಲಿ ಕಡ್ಡಿಯಾಗಿ ಸಿಗುತ್ತದೆ. ಅಗಿಯುತ್ತಾ ಇದ್ದರೆ ಬಾಯಿ ತಂಪಾಗುತ್ತದೆ, ಗಂಟಲು ಹದವಾಗುತ್ತದೆ. ಸಂಗೀತ ಹಾಡುವವರು ಇಟ್ಟುಕೊಳ್ಳುವುದು ಇದನ್ನೇ. ಸಿಹಿಯಾಗಿದ್ದರೂ ಸಕ್ಕರೆಯಲ್ಲ. ಜೊತೆಗೆ ಬೆಳಿಗ್ಗೆ ತುಳಸಿ, ಸಂಜೆ ಶುಂಠಿ. ಪ್ರಕೃತಿ ಕೊಟ್ಟದ್ದರಲ್ಲಿ ಅಡ್ಡಪರಿಣಾಮ ಎಂಬುದಿಲ್ಲ, ಧೈರ್ಯವಾಗಿ ಕೊಡಿ.

ಕವಳಪ್ರಿಯ (ಶಿರಸಿ)

ನಗಬೇಡಿ, ನನ್ನ ಅನುಭವ ಹೇಳುತ್ತೇನೆ. ಹೋದ ವರ್ಷ ಬಾಯಿ ಒಣಗುತ್ತದೆ ಎಂದು ಆಯುರ್ವೇದ ವೈದ್ಯರೊಬ್ಬರ ಹತ್ತಿರ ಹೋದೆ. ನಾಡಿ ಹಿಡಿದು, ನಾಲಿಗೆ ನೋಡಿ, "ದಿನಾ ಬೆಳಿಗ್ಗೆ ಕವಳ ಮಾಡಿ" ಎಂದರು. ಇಷ್ಟು ಒಳ್ಳೆಯ ವೈದ್ಯರನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅಂದಿನಿಂದ ಊಟಕ್ಕೆ ಮೊದಲು ಒಂದು, ಊಟದ ಮೇಲೆ ಎರಡು, ತೋಟಕ್ಕೆ ಹೋಗುವಾಗ ಒಂದು, ಎಲೆ ಅಡಕೆ ಸುಣ್ಣ ಎಲ್ಲವೂ ಹದವಾಗಿ. ಬಾಯಿ ಒಣಗುವ ಪ್ರಶ್ನೆಯೇ ಇಲ್ಲ. ನಿಮ್ಮ ಅವ್ವನಿಗೂ ಎರಡು ವೀಳ್ಯದೆಲೆ ಕೊಡಿ.

ಪಂಡಿತರ ಮೊಮ್ಮಗ (ಉಡುಪಿ)

ಕವಳಪ್ರಿಯರೇ, ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು, ಬಾಯಲ್ಲೂ ಬಂತು. ಆ ವೈದ್ಯರು ಹೇಳಿದ ಕವಳ ನಿಮ್ಮ ಮನೆಯ ಹರಿವಾಣದ ಕವಳ ಅಲ್ಲ. ಶಾಸ್ತ್ರದಲ್ಲಿ ಕವಲ ಎಂದರೆ ಎಣ್ಣೆಯನ್ನೋ ಕಷಾಯವನ್ನೋ ಬಾಯಲ್ಲಿ ಹಾಕಿಕೊಂಡು ಆಡಿಸಿ ಉಗುಳುವುದು. ಆಡಿಸಲು ಜಾಗವಿಲ್ಲದಷ್ಟು ತುಂಬಿಕೊಂಡು ಹಿಡಿದಿಡುವುದು ಗಂಡೂಷ. ಎಳ್ಳೆಣ್ಣೆಯ ಗಂಡೂಷವನ್ನು ರೂಢಿ ಮಾಡಿಕೊಂಡವನಿಗೆ ಗಂಟಲು ಒಣಗುವುದಿಲ್ಲ, ತುಟಿ ಬಿರಿಯುವುದಿಲ್ಲ ಎಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲೇ ಇದೆ.

ನಾನೂ ಆಯುರ್ವೇದ ಓದಿದವನು, ಅಜ್ಜನೂ ಪಂಡಿತರು. ನಮ್ಮಲ್ಲಿ ಇದಕ್ಕೆ ಮುಖಶೋಷ ಎನ್ನುತ್ತಾರೆ. ಬಾಯಿಯನ್ನು ತೇವವಾಗಿಟ್ಟು ರುಚಿ ತಿಳಿಸುವುದು ಬೋಧಕ ಕಫದ ಕೆಲಸ. ಚರಕದಲ್ಲಿ ಬಾಯಾರಿಕೆ ತಣಿಸುವ ಹತ್ತು ದ್ರವ್ಯಗಳ ಗುಂಪೇ ಇದೆ. ಶುಂಠಿ, ಕೊತ್ತಂಬರಿ ಬೀಜ, ಅಮೃತಬಳ್ಳಿ, ಚಂದನ, ಭದ್ರಮುಷ್ಟಿ ಎಲ್ಲವೂ ಅದರೊಳಗೆ ಬರುತ್ತವೆ. ಷಡಂಗ ಪಾನೀಯ ಎಂಬುದೂ ಇದೆ. ಭದ್ರಮುಷ್ಟಿ, ಪರ್ಪಾಟಕ, ಲಾವಂಚ, ಚಂದನ, ಬಾಳದ ಬೇರು, ಶುಂಠಿ, ಈ ಆರನ್ನು ಹಾಕಿ ನೀರನ್ನು ಅರ್ಧಕ್ಕೆ ಇಳಿಸಿ, ಆರಿಸಿ ಗುಟುಕು ಗುಟುಕಾಗಿ ಕುಡಿಯುವುದು. ಮೂಲತಃ ಜ್ವರದ ಬಾಯಾರಿಕೆಗೆ ಹೇಳಿದ್ದು. ಒಂದು ಮಾತು ಬಿಚ್ಚಿ ಹೇಳಿಬಿಡುತ್ತೇನೆ: ಬಾಯಾರಿಕೆ ಬೇರೆ, ಬಾಯಿ ಒಣಗುವುದು ಬೇರೆ. ಷಡಂಗ ಮೊದಲನೆಯದಕ್ಕೆ ಚೆನ್ನ. ನಿಮ್ಮ ಅವ್ವನದು ಎರಡನೆಯದು ಎಂದು ನಿಮ್ಮ ಬರವಣಿಗೆಯಿಂದಲೇ ತಿಳಿಯುತ್ತದೆ. ನಾನಾದರೆ ಎಳ್ಳೆಣ್ಣೆಯ ಕವಲದಿಂದ ಆರಂಭಿಸುತ್ತಿದ್ದೆ. ಒಂದು ಚಮಚ ಸಾಕು, ಐದು ನಿಮಿಷ, ಉಗುಳಿ ಬೆಚ್ಚಗಿನ ನೀರಿನಲ್ಲಿ ಮುಕ್ಕಳಿಸಬೇಕು. ನುಂಗುವಾಗ ಕೆಮ್ಮು ಬರುವವರಿಗೆ, ಎಣ್ಣೆ ಶ್ವಾಸನಾಳಕ್ಕೆ ಇಳಿಯುವ ಭಯ ಇರುವವರಿಗೆ ಇದು ಬೇಡ.

ಕವಳಪ್ರಿಯ (ಶಿರಸಿ)

ಒಂದು ವರ್ಷ! ಒಂದು ವರ್ಷ ನಾನು ಔಷಧ ಎಂದೇ ತಿಂದೆ ಮಹಾರಾಯರೇ. ಹೆಂಡತಿಗೆ ಈ ಬರಹ ತೋರಿಸುವುದಿಲ್ಲ.

ಹಲ್ಲಿನ ಡಾಕ್ಟರಮ್ಮ (ಹಾಸನ)

ಕವಳಪ್ರಿಯರೇ, ತಮಾಷೆಗೆ ಒಂದು ಕ್ಷಣ ಬಿಡುವು ಕೊಡಿ. ಎಲೆಯಲ್ಲಿ ತಪ್ಪಿಲ್ಲ, ಅಡಕೆಯಲ್ಲಿ ಇದೆ. ತಂಬಾಕು ಸೇರಿಸದಿದ್ದರೂ ಅಡಕೆಯೊಂದೇ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮೊದಲನೇ ಗುಂಪಿಗೆ ಸೇರಿಸಿದೆ. ಅಡಕೆ ಜಗಿಯುವವರ ಕೆನ್ನೆಯ ಒಳಪದರ ಹಗ್ಗದಂತೆ ಬಿಗಿದು, ಬಾಯಿ ಮೂರು ಬೆರಳಿನಷ್ಟೂ ತೆರೆಯದ ಸ್ಥಿತಿಗೆ ಬಂದವರನ್ನು ನಾನು ವಾರ ವಾರ ನೋಡುತ್ತೇನೆ. ಕನ್ನಡಿಯ ಮುಂದೆ ನಿಂತು ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ಬಾಯೊಳಗೆ ಇಟ್ಟು ನೋಡಿ. ಹೋಗದಿದ್ದರೆ ನಾಳೆಯೇ ಹತ್ತಿರದ ದಂತವೈದ್ಯರ ಬಳಿ ಹೋಗಿ.

ಇನ್ನು ಜೋಳದಹೊಲ ಅವರಿಗೆ. ನಿಮ್ಮ ಅವ್ವನ ರೊಟ್ಟಿಯ ಕಥೆ ಓದಿ ನನಗೆ ನಮ್ಮ ಪಾಠ ನೆನಪಾಯಿತು. ನೀರಿಲ್ಲದೆ ಒಣ ಬಿಸ್ಕತ್ತು ನುಂಗಲು ಆಗುತ್ತದೆಯೇ ಎಂದು ಕೇಳುವುದು ಬಾಯಿ ಒಣಗುವುದನ್ನು ಗುರುತಿಸುವ ಹಳೆಯ ಪರೀಕ್ಷೆ. ನಿಮ್ಮ ಮನೆಯಲ್ಲಿ ಬಿಸ್ಕತ್ತಿನ ಬದಲು ರೊಟ್ಟಿ, ಅಷ್ಟೇ. ನಾವು ಕುರ್ಚಿಯಲ್ಲಿ ಕೂರಿಸಿ ಮಾಡುವ ಇನ್ನೊಂದಿದೆ. ಹಲ್ಲು ನೋಡುವ ಚಿಕ್ಕ ಕನ್ನಡಿಯನ್ನು ಕೆನ್ನೆಯ ಒಳಗೆ ಒತ್ತಿ ತೆಗೆಯುತ್ತೇವೆ. ಜೊಲ್ಲು ಇರುವ ಬಾಯಿಯಲ್ಲಿ ಕನ್ನಡಿ ಸರಕ್ಕನೆ ಜಾರುತ್ತದೆ. ಒಣಬಾಯಿಯಲ್ಲಿ ಚರ್ಮವನ್ನು ಎಳೆದುಕೊಂಡೇ ಬರುತ್ತದೆ, ರಬ್ಬರು ಎಳೆದಂತೆ.

ಮೂಲಿಕೆಯ ಮಾತಿಗೆ ಮೊದಲು ಇಷ್ಟು ತಿಳಿದುಕೊಳ್ಳಿ. ಜೊಲ್ಲಿನ ದೊಡ್ಡ ಗ್ರಂಥಿಗಳು ಮೂರು ಜೊತೆ: ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ. ಆರೋಗ್ಯವಂತರಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ. ನಿದ್ರೆಯಲ್ಲಿ ಮಾತ್ರ ಹರಿವು ಬಹುತೇಕ ನಿಂತೇ ಹೋಗುತ್ತದೆ, ನಿಮ್ಮ ಅವ್ವ ರಾತ್ರಿ ಏಳುವುದು ಅದಕ್ಕೇ. ಮನೆಮದ್ದುಗಳಲ್ಲಿ ಎರಡು ಜಾತಿ. ಒಂದು, ಗ್ರಂಥಿಯನ್ನು ಎಬ್ಬಿಸಿ ಜೊಲ್ಲು ಬರಿಸುವುದು: ಹುಳಿ, ಖಾರ, ಜಗಿಯುವುದು. ಇನ್ನೊಂದು, ಜೊಲ್ಲಿನ ಬದಲಿಗೆ ತಾನೇ ಬಾಯಿಗೆ ಲೇಪವಾಗುವುದು: ಲೋಳೆ, ಎಣ್ಣೆ, ತುಪ್ಪ. ಗ್ರಂಥಿಗೆ ಜೀವ ಇದ್ದರೆ ಮೊದಲನೆಯದು ಕೆಲಸ ಮಾಡುತ್ತದೆ. ಬತ್ತಿದ ಬಾವಿಗೆ ಎಷ್ಟು ಹಗ್ಗ ಬಿಟ್ಟರೂ ಕೊಡ ಖಾಲಿಯೇ ಬರುತ್ತದೆ.

ಪುನರ್ಪುಳಿಯ ಬಗ್ಗೆ ಒಂದು ತಕರಾರು. ಜೊಲ್ಲು ಹಲ್ಲಿನ ಕಾವಲುಗಾರ. ಅದೇ ಇಲ್ಲದ ಬಾಯಿಯಲ್ಲಿ ದಿನವಿಡೀ ಹುಳಿ ಇಟ್ಟುಕೊಂಡರೆ ಎನಾಮಲ್ ಕರಗುತ್ತದೆ. ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಸಾಕು, ಕರಗಲು ಶುರು. ನಿಂಬೆಹಣ್ಣನ್ನು ಚೀಪಿ ಚೀಪಿ ಮುಂಭಾಗದ ಹಲ್ಲನ್ನು ಗಾಜಿನಷ್ಟು ತೆಳುವಾಗಿಸಿಕೊಂಡವರೊಬ್ಬರು ನನ್ನ ಬಳಿ ಬಂದಿದ್ದರು. ಹುಳಿ ಊಟದ ಜೊತೆ ಇರಲಿ, ಆಮೇಲೆ ನೀರಲ್ಲಿ ಮುಕ್ಕಳಿಸಲಿ. ತಕ್ಷಣ ಹಲ್ಲುಜ್ಜುವುದು ಬೇಡ.

ಮರೆಯುವ ಮೊದಲು: ಅವ್ವನ ಕಣ್ಣೂ ಒಣಗುತ್ತದೆಯೇ, ಮರಳು ಬಿದ್ದಂತೆ? ಕೀಲು ನೋವು ಇದೆಯೇ? 1933ರಲ್ಲಿ ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ ವಿವರವಾಗಿ ಬರೆದ ಕಾಯಿಲೆಯೊಂದಿದೆ, ದೇಹದ ರಕ್ಷಣಾ ವ್ಯವಸ್ಥೆಯೇ ಜೊಲ್ಲಿನ ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆ ಬೀಳುತ್ತದೆ. ಹೆಚ್ಚಾಗಿ ನಡುವಯಸ್ಸು ದಾಟಿದ ಹೆಂಗಸರಿಗೇ ಬರುವುದು. ಅದಾದರೆ ಕಷಾಯ ಮಾಡುತ್ತಾ ಕೂರುವ ಹಾಗಿಲ್ಲ.

ಪುತ್ತೂರಿನ ಮಳೆ

ಡಾಕ್ಟರಮ್ಮ, ನಮ್ಮ ಪುನರ್ಪುಳಿಯನ್ನು ಹೀಗೆ ಕಟಕಟೆಗೆ ಹತ್ತಿಸಿದಿರಲ್ಲ. ಊಟದ ಜೊತೆ ಸಾರು ಮಾಡಿ ಕೊಟ್ಟರೆ ಅಡ್ಡಿಯಿಲ್ಲವಷ್ಟೆ?

ಹಲ್ಲಿನ ಡಾಕ್ಟರಮ್ಮ (ಹಾಸನ)

ಸಾರಿಗೆ ಅಡ್ಡಿಯಿಲ್ಲ. ನನಗೂ ಒಂದು ಲೋಟ ಇಡಿ.

ಸಬ್ಜಾ ಶರಬತ್ತು (ಕಲಬುರಗಿ)

ನಾನು ಉಪವಾಸದ ತಿಂಗಳಲ್ಲಿ ಕಂಡುಕೊಂಡದ್ದು ಹೇಳುತ್ತೇನೆ. ನಮ್ಮ ಊರಿನ ಬಿಸಿಲಿನಲ್ಲಿ ರೋಜಾ ಹಿಡಿದಾಗ ಸಂಜೆ ಐದರ ಹೊತ್ತಿಗೆ ನಾಲಿಗೆ ಮರದ ಹಲಗೆಯಾಗಿರುತ್ತದೆ. ಇಫ್ತಾರ್‌ನಲ್ಲಿ ಖರ್ಜೂರದ ನಂತರ ಕೈ ಹೋಗುವುದು ಸಬ್ಜಾ ಹಾಕಿದ ನೀರಿಗೆ. ನೀವು ಕಾಮಕಸ್ತೂರಿ ಬೀಜ ಎನ್ನುತ್ತೀರಿ. ಒಂದು ಚಮಚ ಬೀಜವನ್ನು ಲೋಟ ನೀರಿಗೆ ಹಾಕಿ ಕಾಲು ಗಂಟೆ ಬಿಟ್ಟರೆ ಪ್ರತಿಯೊಂದು ಕರಿ ಬೀಜವೂ ತನ್ನ ಸುತ್ತ ಬೂದು ಬಣ್ಣದ ಲೋಳೆಯ ಅಂಗಿ ತೊಟ್ಟುಕೊಳ್ಳುತ್ತದೆ, ಕಪ್ಪೆಮೊಟ್ಟೆಯಂತೆ. ನನ್ನ ಮಗ ಅದಕ್ಕೇ ಮುಟ್ಟುವುದಿಲ್ಲ. ಒಂದು ಗುಟುಕು ತೆಗೆದುಕೊಂಡು ನುಂಗುವ ಮೊದಲು ನಾಲಿಗೆಯಿಂದ ಕೆನ್ನೆಯ ಒಳಗೆಲ್ಲ ಉರುಳಿಸಿದರೆ ಬರೀ ನೀರಿಗಿಂತ ಹೆಚ್ಚು ಹೊತ್ತು ಹಸಿ ಉಳಿಯುತ್ತದೆ. ಸಕ್ಕರೆ ಹಾಕುವ ಅಗತ್ಯವಿಲ್ಲ. ಪೂರ್ತಿ ಉಬ್ಬಿದ ಮೇಲೆಯೇ ಕೊಡಿ, ಒಣಬೀಜ ಗಂಟಲಲ್ಲಿ ಉಬ್ಬಿದರೆ ಕಷ್ಟ. ಹಲ್ಲುಕಡ್ಡಿಗೆ ನಮ್ಮ ಮನೆಯಲ್ಲಿ ಮಿಸ್ವಾಕ್ ಇದೆ. ಜಗಿಯುವಾಗ ಸಾಸಿವೆಯಂತೆ ಸಣ್ಣಗೆ ಚುರುಗುಟ್ಟಿ ಜೊಲ್ಲು ಬರುತ್ತದೆ.

33 ಸಿಟ್ಟಿಂಗ್

ಓದುತ್ತಾ ಬಂದೆ, ಬರೆಯಬಾರದು ಎಂದುಕೊಂಡಿದ್ದೆ. ನಾಲ್ಕು ವರ್ಷದ ಹಿಂದೆ ನನ್ನ ನಾಲಿಗೆಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ, 33 ಸಲ ವಿಕಿರಣ ಕೊಟ್ಟರು. ಗಡ್ಡೆ ಹೋಯಿತು, ಅದರ ಜೊತೆ ಜೊಲ್ಲೂ ಹೋಯಿತು. ಡಾಕ್ಟರಮ್ಮ ಹೇಳಿದ ಬತ್ತಿದ ಬಾವಿ ನಾನೇ.

ಗೆಳೆಯನೊಬ್ಬ ಅಕ್ಕಲಕರೆ ಬೇರು ತಂದುಕೊಟ್ಟ. ನಾಲಿಗೆಗೆ ಜುಮ್ಮೆನಿಸಿ ಜೊಲ್ಲು ಬರಿಸುತ್ತದೆ ಎಂದು ಹೆಸರುವಾಸಿಯಾದದ್ದು. ಕಡಲೆಕಾಳಿನಷ್ಟು ಚೂರು ಬಾಯಲ್ಲಿಟ್ಟೆ. ಸುಟ್ಟ ಗಾಯಕ್ಕೆ ಮೆಣಸಿನಪುಡಿ ಹಾಕಿದಂತಾಯಿತು. ಬಂದದ್ದು ಕಣ್ಣೀರು ಮಾತ್ರ. ನಿಮಗೆ ಗ್ರಂಥಿ ಚೆನ್ನಾಗಿದ್ದರೆ ಅದು ಕೆಲಸ ಮಾಡೀತು, ನನ್ನಂಥವರು ಹತ್ತಿರ ಹೋಗಬೇಡಿ. ಶುಂಠಿ, ಲವಂಗ, ನಿಂಬೆ, ಎಲ್ಲದಕ್ಕೂ ಇದೇ ಮಾತು.

ನನಗೆ ಒದಗಿದ್ದು ಅಗಸೆ. ನನ್ನ ಹೆಂಡತಿ ಮಾಡುವ ಕ್ರಮ ಬರೆಯುತ್ತೇನೆ. ಎರಡು ಚಮಚ ಇಡೀ ಅಗಸೆ ಬೀಜ, ಪುಡಿ ಮಾಡಬಾರದು. ಎರಡು ಲೋಟ ನೀರು. ಸಣ್ಣ ಉರಿಯಲ್ಲಿ ಹತ್ತು ನಿಮಿಷ, ಸೌಟಿನಿಂದ ಎತ್ತಿ ಬಿಟ್ಟರೆ ಮೊಟ್ಟೆಯ ಬಿಳಿಯಂತೆ ಎಳೆ ಎಳೆಯಾಗಿ ಇಳಿಯಬೇಕು. ಬಿಸಿ ಇರುವಾಗಲೇ ತೆಳು ಪಂಚೆಯಲ್ಲಿ ಸೋಸಬೇಕು. ಆರಿದ ಮೇಲೆ ಸೋಸಲು ಹೋದರೆ ಬಟ್ಟೆಯಿಂದ ಇಳಿಯುವುದೇ ಇಲ್ಲ, ಹಿಂಡಿ ಹಿಂಡಿ ಕೈಯೆಲ್ಲ ಅಂಟಾಗುತ್ತದೆ. ಆ ಲೋಳೆಯನ್ನು ಚಿಕ್ಕ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟು, ಊಟಕ್ಕೆ ಮೊದಲು ಒಂದು ಚಮಚ, ಮಲಗುವ ಮೊದಲು ಒಂದು ಚಮಚ ಬಾಯಲ್ಲಿ ಆಡಿಸಿ ಉಗುಳುತ್ತೇನೆ. ರುಚಿ ಇಲ್ಲ, ವಾಸನೆ ಸ್ವಲ್ಪ ಎಣ್ಣೆಗಾಣದ್ದು. ಅರ್ಧ ಗಂಟೆ, ಮುಕ್ಕಾಲು ಗಂಟೆ ಬಾಯಿ ನನ್ನದು ಎನ್ನಿಸುತ್ತದೆ. ರಾತ್ರಿ ತುಪ್ಪದ ಒಂದು ತೊಟ್ಟನ್ನು ನಾಲಿಗೆಗೂ ತುಟಿಗೂ ಸವರಿಕೊಳ್ಳುತ್ತೇನೆ. ಬಾಯಿಯಲ್ಲಿ ಜೊಲ್ಲು ಊರಿ ನಾಲ್ಕು ವರ್ಷವಾಯಿತು. ಅಕ್ಕಿ ಹಪ್ಪಳ ಕರಿಯುವ ವಾಸನೆ ಬಂದರೆ ಮಾತ್ರ ಈಗಲೂ ಬರುತ್ತದೇನೋ ಎಂದು ಕಾಯುತ್ತೇನೆ.

ಜೋಳದಹೊಲ (ಮುಧೋಳ ಕಡೆ)

ಅಣ್ಣಾ, ನಿಮ್ಮ ಬರಹವನ್ನು ಅವ್ವನಿಗೆ ಓದಿ ಹೇಳಿದೆ. "ನನ್ನದು ಏನೂ ಅಲ್ಲ ಬಿಡು" ಎಂದಳು. ಎಲ್ಲರಿಗೂ ಉಪಕಾರವಾಯಿತು. ಕಣ್ಣು ಒಣಗುವುದಿಲ್ಲ ಎನ್ನುತ್ತಾಳೆ ಡಾಕ್ಟರಮ್ಮ. ಸಬ್ಜಾ ನೋಡಿ ಮೂಗು ಮುರಿದಳು. ಜ್ಯೇಷ್ಠಮಧು ಕಡ್ಡಿ ಹಿಡಿಸಿದೆ, ಬಾಯಿ ಹಸಿಯಾಗುತ್ತದಂತೆ. ಕಾಲು ಕಿಲೋ ತಂದಿದ್ದೇನೆ. ನೋಡೋಣ.

ಜೋಳದಹೊಲ (ಮುಧೋಳ ಕಡೆ), ಮೂರು ವಾರದ ನಂತರ

ಒಂದು ಎಡವಟ್ಟಾಗಿದೆ. ಹತ್ತು ದಿನದಿಂದ ಅವ್ವನ ಪಾದ ಊದಿಕೊಂಡಿತ್ತು, ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಮೊನ್ನೆ ಅಟ್ಟದ ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಬಲವೇ ಇಲ್ಲ ಎಂದು ಕುಳಿತುಬಿಟ್ಟಳು. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದೊತ್ತಡ 172/98. ಯಾವಾಗಲೂ 140ರ ಒಳಗೇ ಇರುತ್ತಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಇಳಿದಿದೆಯಂತೆ. ಹೊಸದಾಗಿ ಏನು ತಿನ್ನುತ್ತಿದ್ದೀರಿ ಎಂದು ವೈದ್ಯರು ಕೇಳಿದಾಗ ಅವ್ವ ಸೊಂಟದ ಸಂಚಿಯಿಂದ ಕಡ್ಡಿ ತೆಗೆದು ಮೇಜಿನ ಮೇಲಿಟ್ಟಳು. ದಿನಕ್ಕೆ ಬೆರಳುದ್ದದ ನಾಲ್ಕೈದು ಅಗಿಯುತ್ತಿದ್ದಳು. ನಾನು ಒಂದು ಎಂದುಕೊಂಡಿದ್ದೆ. ಮಾರಿದವನು ಬಿಪಿ ಇದೆಯೇ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ನಿಲ್ಲಿಸಿದ್ದೇವೆ, ಪೊಟ್ಯಾಸಿಯಂ ಕೊಡುತ್ತಿದ್ದಾರೆ.

ಕೌಂಟರಿನ ಹಿಂದೆ (ತುಮಕೂರು)

ಇಪ್ಪತ್ತು ವರ್ಷದಿಂದ ಔಷಧದಂಗಡಿ ನಡೆಸುತ್ತಿದ್ದೇನೆ. ಈ ಚರ್ಚೆ ಇವತ್ತು ಕಣ್ಣಿಗೆ ಬಿತ್ತು, ಮೊದಲೇ ಬಿದ್ದಿದ್ದರೆ ಚೆನ್ನಾಗಿತ್ತು.

ಜ್ಯೇಷ್ಠಮಧುವಿನ ಸಿಹಿಗೆ ಕಾರಣ ಗ್ಲಿಸಿರೈಜಿನ್ ಎಂಬ ವಸ್ತು. ನಮ್ಮ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಇದೆ. ಅದು ಮೂತ್ರಪಿಂಡದಲ್ಲಿ ಉಪ್ಪು ಹಿಡಿದಿಡುವ ಗುಂಡಿಯನ್ನು ಒತ್ತದಂತೆ ಒಂದು ಕಿಣ್ವ ಕಾವಲು ಕಾಯುತ್ತದೆ. ಗ್ಲಿಸಿರೈಜಿನ್ ಆ ಕಾವಲುಗಾರನನ್ನು ಮಲಗಿಸುತ್ತದೆ. ಉಪ್ಪು, ನೀರು ಒಳಗೇ ಉಳಿಯುತ್ತವೆ, ಪೊಟ್ಯಾಸಿಯಂ ಹೊರಹೋಗುತ್ತದೆ. ಪಾದ ಊದುತ್ತದೆ, ಒತ್ತಡ ಏರುತ್ತದೆ, ಸ್ನಾಯು ಸೋಲುತ್ತದೆ. ನಿಮ್ಮ ಅವ್ವನಿಗೆ ಆದದ್ದು ಅಕ್ಷರಕ್ಷರ ಇದೇ. ಬಿಪಿಗೆ ಮೂತ್ರ ಹೆಚ್ಚಿಸುವ ಗುಳಿಗೆಯನ್ನೂ ಕೊಟ್ಟಿದ್ದರೆ ಅದೂ ಪೊಟ್ಯಾಸಿಯಂ ಕಳೆಯುತ್ತದೆ, ಎರಡೂ ಕಡೆಯಿಂದ ಸೋರಿಕೆ. ಕೆಮ್ಮಿಗೆ ನಾಲ್ಕು ದಿನ ಒಂದು ಚೂರು ಚೀಪುವವರು ಹೆದರಬೇಕಾಗಿಲ್ಲ. ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ ಇರುವವರು ದಿನಾ ಅಗಿಯುವುದು ಬೇರೆ ಮಾತು.

ಈಗ ನನ್ನ ಪ್ರಶ್ನೆ. ಇಷ್ಟು ಜನ ಇಷ್ಟು ಬರೆದಿರಿ, ಅವ್ವ ತಿನ್ನುವ ಗುಳಿಗೆಗಳ ಹೆಸರನ್ನು ಒಬ್ಬರೂ ಕೇಳಲಿಲ್ಲ. ಎಲ್ಲ ಪಟ್ಟಿಗಳನ್ನೂ ಮೇಜಿನ ಮೇಲೆ ಸುರಿದು, ಹಿಂಭಾಗದ ಹೆಸರು ಓದಿ ಇಲ್ಲಿ ಬರೆಯಿರಿ. ಕಂಪನಿಯ ಹೆಸರಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದು.

ಜೋಳದಹೊಲ (ಮುಧೋಳ ಕಡೆ)

ಸುರಿದೆ. ಮೆಟ್‌ಫಾರ್ಮಿನ್. ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಾಜೈಡ್. ಅಮಿಟ್ರಿಪ್ಟಿಲಿನ್ 25, ಅಂಗಾಲು ಉರಿಯುತ್ತದೆ ಎಂದು ರಾತ್ರಿಗೆ ಕೊಟ್ಟದ್ದು. ಇನ್ನೊಂದು ಸೆಟಿರಿಜಿನ್, ಇದು ಯಾರೂ ಬರೆದುಕೊಟ್ಟದ್ದಲ್ಲ. ಜೋಳದ ದೂಳಿಗೆ ಸೀನು ಬರುತ್ತದೆ ಎಂದು ಅವ್ವ ತಾನೇ ಅಂಗಡಿಯಿಂದ ತರಿಸಿಕೊಳ್ಳುತ್ತಾಳಂತೆ. ದಿನಾ ರಾತ್ರಿ ಒಂದು. ನನಗೆ ಇವತ್ತೇ ಗೊತ್ತಾದದ್ದು.

ಕೌಂಟರಿನ ಹಿಂದೆ (ತುಮಕೂರು)

ಅಂಗಾಲಿನ ಗುಳಿಗೆ ಶುರುವಾಗಿ ಎಷ್ಟು ದಿನವಾಯಿತು?

ಜೋಳದಹೊಲ (ಮುಧೋಳ ಕಡೆ)

ದಸರೆಯ ಹೊತ್ತಿಗೆ. ಏಳು ತಿಂಗಳು. ಅಯ್ಯೋ.

ಕೌಂಟರಿನ ಹಿಂದೆ (ತುಮಕೂರು)

ಅಷ್ಟೇ. ಜೊಲ್ಲಿನ ಗ್ರಂಥಿಗೆ ನರದಿಂದ ಅಪ್ಪಣೆ ಹೋಗಬೇಕು. ಅಮಿಟ್ರಿಪ್ಟಿಲಿನ್ ಆ ಅಪ್ಪಣೆಯನ್ನು ದಾರಿಯಲ್ಲೇ ತಡೆಯುತ್ತದೆ. ಬಾಯಿ ಒಣಗುವುದು ಅದರ ತೀರಾ ಸಾಮಾನ್ಯ ಪರಿಣಾಮ. ಸೆಟಿರಿಜಿನ್ ಅದಕ್ಕೆ ಸ್ವಲ್ಪ ಕೈಜೋಡಿಸುತ್ತದೆ. ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಕೂಡ, ಸಕ್ಕರೆ ಹತೋಟಿ ತಪ್ಪಿದ್ದರೆ ಅದೂ. ಅಂದರೆ ಅವ್ವನ ಬಾವಿ ಬತ್ತಿಲ್ಲ, ಮೇಲೆ ಮುಚ್ಚಳ ಹಾಕಿದ್ದಾರೆ. ಆದರೆ ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಅಂಗಾಲಿನ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ನಿದ್ದೆ ಕೆಡುತ್ತದೆ, ಉರಿ ಮರಳುತ್ತದೆ. ಬರೆದ ವೈದ್ಯರಿಗೇ ತೋರಿಸಿ, ಬಾಯಿ ಒಣಗುವುದನ್ನು ಹೇಳಿ.

ಗಿಡಮೂಲಿಕೆಯವರು ಮತ್ತು ಗುಳಿಗೆಯವರು ಜಗಳವಾಡುವುದು ನೋಡಿದರೆ ನನಗೆ ನಗು ಬರುತ್ತದೆ. ಬಾಯಿ ಒಣಗಿಸುವುದರಲ್ಲಿ ಗಿಡಗಳೇ ಗುರು. ದತ್ತೂರಿಯಲ್ಲಿರುವ ಆಟ್ರೋಪಿನ್ ವರ್ಗದ ವಿಷ ಮಾಡುವುದು ಇದೇ ಕೆಲಸ. ದಮ್ಮಿಗೆ ಅದರ ಎಲೆಯ ಹೊಗೆ ಸೇದಿದವರನ್ನು ಕೇಳಿ, ನಾಲಿಗೆ ಚಕ್ಕಳವಾಗುತ್ತದೆ. ಜೊಲ್ಲು ಬರಿಸುವುದರಲ್ಲೂ ಗಿಡವೇ ಮುಂದು. ಬ್ರೆಜಿಲ್ ದೇಶದ ಜಬೊರಾಂಡಿ ಎಂಬ ಪೊದೆಯ ಎಲೆ ಅಗಿದರೆ ಜೊಲ್ಲು ಸುರಿಯುತ್ತದೆ ಎಂದು ಅಲ್ಲಿನ ಮೂಲನಿವಾಸಿಗಳಿಗೆ ಗೊತ್ತಿತ್ತು, ಆ ಹೆಸರಿನ ಅರ್ಥವೇ ಅದು ಎನ್ನುತ್ತಾರೆ. 1875ರಲ್ಲಿ ಅದರಿಂದ ಪಿಲೋಕಾರ್ಪಿನ್ ಬೇರ್ಪಡಿಸಿದರು. ಇವತ್ತಿಗೂ ವಿಕಿರಣದ ನಂತರದ ಒಣಬಾಯಿಗೆ ವೈದ್ಯರು ಬರೆಯುವ ಗುಳಿಗೆ ಅದೇ. 33 ಸಿಟ್ಟಿಂಗ್ ಅವರೇ, ನಿಮ್ಮ ವೈದ್ಯರ ಬಳಿ ಅದರ ಮಾತು ತೆಗೆದಿದ್ದೀರಾ? ಗ್ರಂಥಿಯ ಸ್ವಲ್ಪ ಭಾಗ ಉಳಿದಿದ್ದರೆ ಒದಗಬಹುದು. ದಮ್ಮು, ಕೆಲವು ಬಗೆಯ ಗ್ಲಾಕೋಮಾ ಇರುವವರಿಗೆ ಆಗದು, ಬೆವರೂ ವಿಪರೀತ.

33 ಸಿಟ್ಟಿಂಗ್

ಕೊಟ್ಟಿದ್ದರು. ಎರಡು ತಿಂಗಳು ತೆಗೆದುಕೊಂಡೆ. ಬಾಯಿಗಿಂತ ಬನಿಯನ್ನೇ ಹೆಚ್ಚು ಒದ್ದೆಯಾಯಿತು. ಬಿಟ್ಟೆ. ಅಗಸೆಯೇ ಸಾಕು.

ತುಳಸಿಕಟ್ಟೆ (ಬೆಂಗಳೂರು)

ಜ್ಯೇಷ್ಠಮಧು ಹೇಳಿದ್ದು ನಾನೇ. ಅಮ್ಮನವರಿಗೆ ಹೀಗಾಯಿತೆಂದು ಓದಿ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಬಿಪಿ ಇಲ್ಲದ್ದರಿಂದ ನನಗೆ ಈ ಮುಖ ಗೊತ್ತಿರಲಿಲ್ಲ. ಆದರೂ ಇಷ್ಟು ಹೇಳುತ್ತೇನೆ, ನಾನು ಒಂದು ಚೂರು ಎಂಬ ಲೆಕ್ಕದಲ್ಲಿ ಹೇಳಿದ್ದು, ಕಾಲು ಕಿಲೋ ಲೆಕ್ಕದಲ್ಲಲ್ಲ.

ಪಂಡಿತರ ಮೊಮ್ಮಗ (ಉಡುಪಿ)

ತುಳಸಿಕಟ್ಟೆಯವರೇ, ಚೂರು ಎಂದು ನೀವು ಎಲ್ಲೂ ಬರೆದಿರಲಿಲ್ಲ. "ಅಗಿಯುತ್ತಾ ಇದ್ದರೆ" ಎಂದಿದ್ದಿರಿ. ನಮ್ಮ ಶಾಸ್ತ್ರದಲ್ಲಿ ಪ್ರತಿ ಯೋಗಕ್ಕೂ ಮಾತ್ರೆ ಎಂಬ ಪದ ಇರುವುದು ಪ್ರಮಾಣ ಎಂಬ ಅರ್ಥದಲ್ಲಿ. ನನ್ನ ತಪ್ಪೂ ಇದೆ. ಚರಕ ಗಿರಕ ಎಂದು ಉದ್ದಕ್ಕೆ ಬರೆದೆ, ರೋಗಿ ಏನು ತಿನ್ನುತ್ತಿದ್ದಾಳೆ ಎಂದು ಕೇಳಲಿಲ್ಲ. ಅಜ್ಜ ಇದ್ದಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು.

ಸೇರಿಸಬೇಕಾದದ್ದು ಒಂದಿದೆ. ಒಣಬಾಯಿಗೆ ತ್ರಿಫಲಾ ಕಷಾಯದಲ್ಲಿ ಮುಕ್ಕಳಿಸಿ ಎಂದು ಬಹಳ ಮಂದಿ ಹೇಳುತ್ತಾರೆ. ವಸಡು ಸಡಿಲವಾಗಿದ್ದರೆ ಸರಿ. ಆದರೆ ತ್ರಿಫಲಾದಲ್ಲಿರುವ ಅಳಲೆಕಾಯಿ, ದಾಳಿಂಬೆ ಸಿಪ್ಪೆ, ಜಾಲಿ ಚಕ್ಕೆ, ಕಡು ಚಹಾ ಇವೆಲ್ಲ ಒಗರು. ಒಗರು ಎಂಬುದು ಬಾಯಲ್ಲಿ ಇರುವ ಜೊಲ್ಲನ್ನೂ ಹಿಡಿದು ಗಟ್ಟಿ ಮಾಡುತ್ತದೆ. ಹಸಿ ಬಾಳೆಕಾಯಿ ಕಚ್ಚಿದಾಗ ಬಾಯಿ ಹೇಗಾಗುತ್ತದೆ ನೆನಪಿಸಿಕೊಳ್ಳಿ.

ದೋಹಾ ಕನ್ನಡಿಗ

ಇಲ್ಲಿ ಹಗಲಿರುಳು ಏಸಿ. ಬಾಯಿ ತೆರೆದು ಮಲಗುವ ಅಭ್ಯಾಸ ಬೇರೆ, ಬೆಳಿಗ್ಗೆ ನಾಲಿಗೆ ಚಪ್ಪಲಿಯ ಅಟ್ಟೆ. ಮೂಗು ಕಟ್ಟುವುದಕ್ಕೆ ಚಿಕಿತ್ಸೆ ಮಾಡಿಸಿಕೊಂಡ ಮೇಲೆ ಮುಕ್ಕಾಲು ಪಾಲು ಸರಿಹೋಯಿತು. ಮೂಲಿಕೆ ಏನೂ ಇಲ್ಲ, ಹೇಳಬೇಕೆನ್ನಿಸಿತು.

ಕವಳಪ್ರಿಯ (ಶಿರಸಿ)

ಡಾಕ್ಟರಮ್ಮ, ಬೆರಳು ಇಟ್ಟು ನೋಡಿದೆ. ಎರಡೂವರೆ. ಮಂಗಳವಾರ ಹೋಗುತ್ತಿದ್ದೇನೆ. ಅಡಕೆಯನ್ನು ತಟ್ಟೆಯಿಂದ ಎತ್ತಿಟ್ಟಿದ್ದೇನೆ, ಅಡಕೆ ಬೆಳೆಗಾರನ ಮನೆಯಲ್ಲಿ ಇದು ಸಣ್ಣ ಸುದ್ದಿಯಲ್ಲ. ಈಗ ಊಟವಾದ ಮೇಲೆ ಬರೀ ಏಲಕ್ಕಿ, ನಾಲ್ಕು ಕಾಳು ಸೋಂಪು. ಮಧ್ಯಾಹ್ನ ಒಂದೆಲಗದ ತಂಬುಳಿ ಇದ್ದರೆ ಬಾಯಿ ಒಣಗುವುದು ನೆನಪಿಗೇ ಬರುವುದಿಲ್ಲ.

ಹಲ್ಲಿನ ಡಾಕ್ಟರಮ್ಮ (ಹಾಸನ)

ಹೋಗಿ ಬಂದು ತಪ್ಪದೆ ಇಲ್ಲಿ ಬರೆಯಿರಿ. ಕಾಯುತ್ತಿರುತ್ತೇನೆ.

ಜೋಳದಹೊಲ (ಮುಧೋಳ ಕಡೆ), ಎರಡು ತಿಂಗಳ ನಂತರ

ಕೇಳಿದವರಿಗೆ ವರದಿ. ವೈದ್ಯರು ಅಂಗಾಲಿನ ಗುಳಿಗೆಯನ್ನು ಮೊದಲು 10ಕ್ಕೆ ಇಳಿಸಿ, ಆಮೇಲೆ ಬೇರೆಯದಕ್ಕೆ ಬದಲಿಸಿದರು. ಸೆಟಿರಿಜಿನ್ ನಿಂತಿದೆ, ಜೋಳ ಹಸನು ಮಾಡುವಾಗ ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಾಳೆ. ಪಾದದ ಊತ ಎರಡು ವಾರದಲ್ಲಿ ಇಳಿಯಿತು, ಒತ್ತಡ ಮೊನ್ನೆ 138/84. ಉಳಿದ ಜ್ಯೇಷ್ಠಮಧುವನ್ನು ಅವ್ವ ಬಾವಿಗೇ ಎಸೆದಳು, ಗುಳಿಗೆಗೆ ಹಾಕಿದ್ದ ಶಾಪ ಅದಕ್ಕೆ ತಗಲಿತು.

ಬಾಯಿ ಪೂರ್ತಿ ಮೊದಲಿನಂತಾಗಿಲ್ಲ. ಹಗಲು ಅಡ್ಡಿಯಿಲ್ಲ, ರಾತ್ರಿ ಒಂದು ಸಲ ಏಳುತ್ತಾಳೆ. ಮಲಗುವ ಮೊದಲು ಅಣ್ಣ ಹೇಳಿದ ಅಗಸೆ ಲೋಳೆ ಮಾಡಿಕೊಡುತ್ತೇನೆ. ಮೊದಲ ದಿನ ನಾನು ಆರಿದ ಮೇಲೆ ಸೋಸಲು ಹೋಗಿ ನನ್ನ ಪಂಚೆ ಹಾಳಾಯಿತು. ಅವ್ವನಿಗೆ ಮಾತ್ರ ಇದು ಒಪ್ಪಿಗೆಯಿಲ್ಲ. ಅಗಸೆಯನ್ನು ಹುರಿದು, ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿ ಚಟ್ನಿ ಮಾಡಿ ತಿನ್ನುವುದು ಬಿಟ್ಟು, ಬೇಯಿಸಿ ಉಗುಳುವ ಕಾಲ ಬಂತಲ್ಲ ಎಂದು ದಿನಾ ರಾತ್ರಿ ಗೊಣಗುತ್ತಾ ಮುಕ್ಕಳಿಸುತ್ತಾಳೆ.

33 ಸಿಟ್ಟಿಂಗ್

ಅವ್ವನಿಗೆ ಹೇಳಿ, ಆ ಚಟ್ನಿಯ ಖಾರ ತಡೆಯುವ ನಾಲಿಗೆ ಇದ್ದಿದ್ದರೆ ನಾನೂ ಉಗುಳುತ್ತಿರಲಿಲ್ಲ. ಲೋಳೆಯನ್ನು ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ, ಫ್ರಿಜ್ಜಿನಲ್ಲೂ ಹುಳಿ ವಾಸನೆ ಬರುತ್ತದೆ.

ಜೋಳದಹೊಲ (ಮುಧೋಳ ಕಡೆ)

ಹೇಳಿದೆ ಅಣ್ಣಾ. ಖಾರ ಹಾಕದೆ ಒಂದು ಡಬ್ಬಿ ಕುಟ್ಟಿ ಕೊಡುತ್ತಾಳಂತೆ, ವಿಳಾಸ ಖಾಸಗಿಯಾಗಿ ಕಳುಹಿಸಿ.